ರ ಗ ಸ ದ ಅ: ಕೋಟೆಯ ಮೇಷ್ಟ್ರುಗಳು ರಿಷಿ ವ್ಯಾಲಿಗೆ ಹೋಗಿಬಂದ ಮೇಲೆ

ಕನ್ನಡದ ಮೊದಲ ಅಕ್ಷರ ಯಾವುದು ಎಂದರೆ ನಾವೆಲ್ಲ ‘ಅ’ ಎನ್ನುತ್ತೇವೆ. ಸರ್ಕಾರಿ ಶಾಲೆಯ ಒಂದನೇ ತರಗತಿಯ ಮಗುವನ್ನು ಕೇಳಿ ನೋಡಿ, ‘ರ’ ಎಂದರೂ ಎಂದೀತು. ಆಮೇಲೆ ಗ, ಸ, ದ. ನಮ್ಮ ‘ಅ’ ಬರುವುದು ಐದನೆಯದಾಗಿ. ಅ ಆ ಇ ಈ ಎಂದು ರಾಗ ಎಳೆದು ಕಲಿತ ಅಜ್ಜಂದಿರಿಗೆ ಇದು ಅಪಚಾರದಂತೆ ಕಂಡರೆ ಆಶ್ಚರ್ಯವಿಲ್ಲ. ಮೊಮ್ಮಗಳ ಸ್ಲೇಟು ಹಿಡಿದುಕೊಂಡು ಶಾಲೆಗೇ ಬಂದು, “ಏನ್ ಮೇಷ್ಟ್ರೇ, ಅಕ್ಷರಮಾಲೇನೇ ತಲೆಕೆಳಗು ಮಾಡ್ಬಿಟ್ರಾ?” ಎಂದು ಕೇಳಿದವರನ್ನು ನಾನು ನೋಡಿದ್ದೇನೆ.

ಅವರಿಗೆ ಉತ್ತರ ಹೇಳಲು ಸುಲಭದ ದಾರಿ ಒಂದಿದೆ. ಅ ಆ ಇ ಈ ಉ ಐದನ್ನೂ ಜೋಡಿಸಿ ಪದ ಮಾಡಿ ಎನ್ನಬೇಕು. ‘ಆ’, ‘ಈ’ ಎಂದು ಬೆರಳು ತೋರಿಸುವುದು ಬಿಟ್ಟರೆ ಏನೂ ಆಗುವುದಿಲ್ಲ. ಈಗ ರ ಗ ಸ ದ ಅ ತೆಗೆದುಕೊಳ್ಳಿ. ಸರ, ರಸ, ದರ, ಅಗಸ, ಅರಸ, ಗರಗಸ, ಕೊನೆಗೆ ಮೈಸೂರಿನವರಿಗೆ ಬೇಕೇ ಬೇಕಾದ ದಸರ. ಕಾಗುಣಿತ ಇಲ್ಲ, ಒತ್ತಕ್ಷರ ಇಲ್ಲ. ಐದೇ ಅಕ್ಷರ ಕಲಿತ ಮಗು ಪದ ಓದುತ್ತದೆ. ಓದಿದೆ ಎಂದು ಅದಕ್ಕೇ ಗೊತ್ತಾಗುತ್ತದೆ.

ಇದು ಸರ್ಕಾರಿ ಶಾಲೆಯ ಪುಟ್ಟ ಮಕ್ಕಳಿಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಕ್ರಮ. ಇದರ ಹಿಂದಿನ ಆಲೋಚನೆ ಬೆಂಗಳೂರಿನ ಯಾವುದೋ ಕಚೇರಿಯಿಂದ ಸುತ್ತೋಲೆಯಾಗಿ ಇಳಿದದ್ದಲ್ಲ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ (ನಮ್ಮ ಬಾಯಲ್ಲಿ ಬರೀ ‘ಕೋಟೆ’) ತಾಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರ ಒಂದು ಸಣ್ಣ ತಂಡ ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಯಿತು. ಅಲ್ಲಿದ್ದದ್ದು ಖಾಸಗಿ ಶಾಲೆ, ಸರ್ಕಾರದ್ದಲ್ಲ. ಅಲ್ಲಿ ನೋಡಿ ಬಂದದ್ದರಿಂದ ಹುಟ್ಟಿದ್ದು ನಲಿ-ಕಲಿ. ಒಂದು ಸ್ವತಂತ್ರ ಶಾಲೆ ಬೇರೆ ಶಾಲೆಗಳ ಶಿಕ್ಷಕರ ಜೊತೆ ನಿಂತು ಅವರ ಪಾಠದ ರೀತಿಯನ್ನೇ ಬದಲಿಸಿದ ಪ್ರಕರಣ ನಮ್ಮ ಭಾಗದಲ್ಲಿ ಹುಡುಕಿದರೆ ಇಷ್ಟು ಪೂರ್ತಿಯಾಗಿ ಇನ್ನೊಂದು ಸಿಗುವುದಿಲ್ಲ ಎಂದು ನನ್ನ ಅಭಿಪ್ರಾಯ. ಪೂರ್ತಿಯಾಗಿ ಎಂದರೆ ಗೆದ್ದದ್ದು, ಸೋತದ್ದು ಎರಡೂ.

ಈಗ ಇದನ್ನು ಬರೆಯಲು ಕಾರಣವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಏಳನೇ ಅಧ್ಯಾಯದಲ್ಲಿ ಒಂದು ಸರ್ಕಾರಿ ಶಾಲೆಗೆ ಒಂದು ಖಾಸಗಿ ಶಾಲೆಯನ್ನು ಜೋಡಿ ಮಾಡಬೇಕು, ಒಬ್ಬರಿಂದೊಬ್ಬರು ಕಲಿಯಬೇಕು ಎಂಬ ಮಾತಿದೆ. ನಮ್ಮ ರಾಜ್ಯ ಆ ನೀತಿಯನ್ನು ಬದಿಗಿಟ್ಟು 2023ರಲ್ಲಿ ತನ್ನದೇ ಆಯೋಗ ರಚಿಸಿತು, ಆ ಜಗಳ ಇಲ್ಲಿ ಬೇಡ. ನೀತಿ ಯಾರದ್ದಾದರೂ ಇರಲಿ, ಶಾಲೆಗೆ ಶಾಲೆ ಜೋಡಿಸುವ ಮಾತು ಸಭೆಗಳಲ್ಲಿ ಬಂದೇ ಬರುತ್ತದೆ. ಬಂದಾಗಲೆಲ್ಲ ದೊಡ್ಡ ಶಾಲೆಯವರು ಹಳೆಯ ಕಂಪ್ಯೂಟರ್ ಕೊಡುವುದು, ಸಣ್ಣ ಶಾಲೆಯವರು ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವುದು, ಇಷ್ಟಕ್ಕೇ ಮುಗಿಯುತ್ತದೆ. ಕೋಟೆಯಲ್ಲಿ ನಡೆದದ್ದು ಬೇರೆ.

ಕೋಟೆ ತಾಲೂಕು ಎಂದರೆ ಒಂದು ಕಡೆ ಕಬಿನಿಯ ಹಿನ್ನೀರು, ಇನ್ನೊಂದು ಕಡೆ ನಾಗರಹೊಳೆಯ ಕಾಡು. ಜೇನುಕುರುಬರ, ಬೆಟ್ಟಕುರುಬರ ಹಾಡಿಗಳು, ದೂರ ದೂರದ ಊರುಗಳು. ಶಾಲೆಗೆ ಕನಿಷ್ಠ ಇಬ್ಬರು ಶಿಕ್ಷಕರಿರಬೇಕೆಂದು 1987ರ ಕೇಂದ್ರ ಯೋಜನೆ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಹೇಳಿತ್ತು. ಇಬ್ಬರಿದ್ದರೂ ತರಗತಿ ನಾಲ್ಕು. ಒಬ್ಬರು ಕಚೇರಿ ಕೆಲಸಕ್ಕೋ ಗಣತಿಗೋ ಹೋದ ದಿನ ಉಳಿದವರ ಪಾಲಿಗೆ ನಾಲ್ಕೂ ತರಗತಿ. ಒಂದನೇ ತರಗತಿಗೆ ಬರೆಯಲು ಕೊಟ್ಟು, ಎರಡಕ್ಕೆ ಮಗ್ಗಿ ಹೇಳಿಸಿ, ಮೂರಕ್ಕೆ ಪಾಠ ಶುರು ಮಾಡುವಷ್ಟರಲ್ಲಿ ಒಂದನೆಯವರು ಬರೆದು ಮುಗಿಸಿ ಒಬ್ಬರ ಜುಟ್ಟು ಇನ್ನೊಬ್ಬರು ಹಿಡಿದಿರುತ್ತಾರೆ. ಶಿಕ್ಷಕರಾಗಲು ಮಾಡುವ ಟಿ.ಸಿ.ಎಚ್. ತರಬೇತಿಯಲ್ಲಿ ನಮಗೆ ಕಲಿಸಿದ್ದು ಒಂದು ಕೋಣೆ, ಒಂದು ತರಗತಿ, ಒಂದು ಪಾಠ ಎಂಬ ಲೆಕ್ಕದ ಪಾಠಯೋಜನೆ. ಆ ಲೆಕ್ಕ ಹಾಡಿಯ ಶಾಲೆಯಲ್ಲಿ ಮೊದಲ ದಿನವೇ ತಪ್ಪುತ್ತದೆ.

ಇನ್ನೊಂದು ತೊಂದರೆ ಗೈರುಹಾಜರಿ. ಕಾಫಿ ಕೊಯ್ಲಿನ ಕಾಲಕ್ಕೆ ತಂದೆತಾಯಿ ಕೊಡಗಿನ ತೋಟಗಳಿಗೆ ಹೊರಟರೆ ಮಕ್ಕಳೂ ಹೊರಡುತ್ತಾರೆ. ತಿಂಗಳು ಕಳೆದು ಮರಳಿದಾಗ ಪುಸ್ತಕ ಹತ್ತು ಪಾಠ ಮುಂದೆ ಹೋಗಿರುತ್ತದೆ. ಮಗು ಹಿಂದಿನ ಸಾಲಿನಲ್ಲಿ ಕೂರುತ್ತದೆ, ಅರ್ಥವಾಗದ್ದನ್ನು ಕೇಳುತ್ತದೆ, ಮುಂದಿನ ವರ್ಷ ಬರುವುದನ್ನೇ ಬಿಡುತ್ತದೆ. ದಡ್ಡ ಎಂಬ ಹೆಸರು ಮಾತ್ರ ದಾಖಲಾತಿ ವಹಿಯಲ್ಲಿ ಬರೆಯದೆಯೂ ಉಳಿಯುತ್ತದೆ.

ಇಂಥ ಜಾಗದಿಂದ ಹೊರಟವರು ರಿಷಿ ವ್ಯಾಲಿಗೆ ಹೋಗಿ ಏನು ನೋಡಿದರು? ಕೋಲಾರ, ಶ್ರೀನಿವಾಸಪುರ ದಾಟಿದರೆ ಸಿಗುವ ಮದನಪಲ್ಲಿ ಚಿಂತಕ ಜಿಡ್ಡು ಕೃಷ್ಣಮೂರ್ತಿಯವರು 1895ರಲ್ಲಿ ಹುಟ್ಟಿದ ಊರು. ಅವರ ವಿಚಾರದ ಮೇಲೆ ಕಟ್ಟಿದ ರಿಷಿ ವ್ಯಾಲಿ ವಸತಿ ಶಾಲೆ ಇಂಗ್ಲಿಷ್ ಮಾಧ್ಯಮದ್ದು. ಅಲ್ಲಿ ಓದುವವರು ಶುಲ್ಕ ಕೊಡಬಲ್ಲ ಮನೆಯ ಮಕ್ಕಳು. ಆ ಶಾಲೆಯ ತರಗತಿಯಲ್ಲಿ ಕುಳಿತಿದ್ದರೆ ಕೋಟೆಯ ಶಿಕ್ಷಕರು “ಚೆನ್ನಾಗಿದೆ, ನಮಗಲ್ಲ” ಎಂದು ಬಸ್ ಹತ್ತುತ್ತಿದ್ದರು. ಅವರಿಗೆ ಬೇಕಾದದ್ದು ಇದ್ದದ್ದು ಶಾಲೆಯ ಬೇಲಿಯ ಆಚೆ. 1980ರ ದಶಕದ ಕೊನೆಯಿಂದ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಅಲ್ಲಿಯ ಗ್ರಾಮೀಣ ಶಿಕ್ಷಣ ಕೇಂದ್ರದ ಮೂಲಕ ಸುತ್ತಲಿನ ಹಳ್ಳಿಗಳಲ್ಲಿ ಒಬ್ಬ ಶಿಕ್ಷಕರ ಪುಟ್ಟ ಶಾಲೆಗಳನ್ನು ನಡೆಸುತ್ತಿದ್ದರು. ಪಾಠ ಮಾಡುತ್ತಿದ್ದವರು ಅದೇ ಊರಿನ ಯುವಕ ಯುವತಿಯರು. ಒಂದೇ ಕೋಣೆ, ಎಲ್ಲ ವಯಸ್ಸಿನ ಮಕ್ಕಳು, ಪಠ್ಯಪುಸ್ತಕದ ಬದಲು ಕಾರ್ಡುಗಳು. ಇಡೀ ಶಾಲೆಯೇ ಒಂದು ಪೆಟ್ಟಿಗೆಯೊಳಗೆ ಎಂದು ಅದು ಹೆಸರಾಯಿತು.

ಈ ಪ್ರಕರಣದ ಗುಟ್ಟು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಕಲಿಸಿದವರ ಕಷ್ಟ, ಕಲಿಯಲು ಹೋದವರ ಕಷ್ಟ ಎರಡೂ ಒಂದೇ ಆಗಿತ್ತು. ಒಂದು ಕೋಣೆ, ಒಬ್ಬ ಮೇಷ್ಟ್ರು, ಬೇಸಾಯದ ಕೆಲಸಕ್ಕೆ ಹೋಗಿ ಬರುವ ಮಕ್ಕಳು. ಅಲ್ಲಿ ಕೋಟೆಯವರಿಗೆ ಗುರುವಾಗಿ ಸಿಕ್ಕವರು ಪಿಎಚ್.ಡಿ. ಮಾಡಿದವರಲ್ಲ, ಹಳ್ಳಿಯ ಹುಡುಗ ಹುಡುಗಿಯರು. ತರಬೇತಿ ಪಡೆದ ಸರ್ಕಾರಿ ಶಿಕ್ಷಕನಿಗೆ ಅದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ಒಬ್ಬನೇ ಒಬ್ಬಳೇ ಇಪ್ಪತ್ತು ಮೂವತ್ತು ಮಕ್ಕಳನ್ನು ಗದ್ದಲವಿಲ್ಲದೆ ಕೆಲಸಕ್ಕೆ ಹಚ್ಚಿದ್ದನ್ನು ಕಣ್ಣಾರೆ ಕಂಡ ಮೇಲೆ ವಾದಕ್ಕೆ ಜಾಗವಿರುವುದಿಲ್ಲ.

ತಂದ ಆಲೋಚನೆಯನ್ನು ಹಾಗೇ ಇಳಿಸಲು ಬರುತ್ತಿರಲಿಲ್ಲ. ಕಾರ್ಡುಗಳಿದ್ದದ್ದು ತೆಲುಗಿನಲ್ಲಿ. ಲಿಪಿ ಅಕ್ಕತಂಗಿಯರಂತೆ ಕಂಡರೂ ಪದಗಳು ಬೇರೆ, ಯಾವ ಅಕ್ಷರ ಮೊದಲು ಬಂದರೆ ಹೆಚ್ಚು ಪದ ಹುಟ್ಟುತ್ತವೆ ಎಂಬ ಲೆಕ್ಕವೂ ಬೇರೆ. ಹಾಗಾಗಿ ಶಿಕ್ಷಕರೇ ಕುಳಿತು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಕನ್ನಡದ ಏಣಿ ಕಟ್ಟಬೇಕಾಯಿತು. 1991ರ ‘ಕನಿಷ್ಠ ಕಲಿಕಾ ಮಟ್ಟ’ದ ಸಾಮರ್ಥ್ಯಗಳ ಪಟ್ಟಿ ಕೈಯಲ್ಲಿತ್ತು. ಅದನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಒಂದು ಚಟುವಟಿಕೆ, ಒಂದು ಹಾಡು, ಒಂದು ಆಟ ಹೊಸೆದರು. ಶಿಕ್ಷಕರ ಗುಣಮಟ್ಟ ಎಂಬ ದೊಡ್ಡ ಮಾತು ಎಲ್ಲಿ ನಿಜವಾಗುತ್ತದೆ ಎಂದು ನನ್ನನ್ನು ಕೇಳಿದರೆ ಈ ಹಂತವನ್ನು ತೋರಿಸುತ್ತೇನೆ. ‘ರ’ ಆದ ಮೇಲೆ ‘ಗ’ ಯಾಕೆ ಎಂದು ನಾಲ್ವರು ಮೇಷ್ಟ್ರುಗಳು ಜಗಳವಾಡಿದರೆ ಅಕ್ಷರ ಕಲಿಕೆಯ ಬಗ್ಗೆ ಅವರಿಗೆ ಸಿಗುವ ತಿಳಿವಳಿಕೆ ಹತ್ತು ದಿನದ ಕಾರ್ಯಾಗಾರದಲ್ಲಿ ಸಿಗುವುದಿಲ್ಲ.

ನಲಿ-ಕಲಿ ಕೋಣೆಯನ್ನು ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೇ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ತೂಗುತ್ತದೆ. ಏಣಿಯಲ್ಲಿ ಮೈಲಿಗಲ್ಲುಗಳು, ಮೈಲಿಗಲ್ಲಿನೊಳಗೆ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿಗೂ ಒಂದು ಚಿಹ್ನೆ, ಅದೇ ಚಿಹ್ನೆ ಕಾರ್ಡಿನ ಮೇಲೂ ಇರುತ್ತದೆ. ಓದು ಬಾರದ ಮಗುವೂ ಎದ್ದು ಹೋಗಿ ತಾನು ನಿನ್ನೆ ಎಲ್ಲಿ ನಿಲ್ಲಿಸಿದ್ದೆನೆಂದು ಏಣಿಯಲ್ಲಿ ನೋಡಿ, ಅದರ ಮುಂದಿನ ಚಿಹ್ನೆಯ ಕಾರ್ಡು ತೆಗೆದುಕೊಂಡು ಬರುತ್ತದೆ. ಎಲ್ಲಿ ಕೂರಬೇಕು ಎಂಬುದನ್ನೂ ಕಾರ್ಡೇ ಹೇಳುತ್ತದೆ. ಐದು ಗುಂಪು, ನಮ್ಮ ಬಾಯಲ್ಲಿ ಐದು ‘ತಟ್ಟೆ’. ಒಂದನೇ ತಟ್ಟೆಯಲ್ಲಿ ಶಿಕ್ಷಕರು ಪೂರ್ತಿ ಜೊತೆಗಿದ್ದು ಹೊಸದನ್ನು ಕಲಿಸಬೇಕು. ಎರಡರಲ್ಲಿ ಆಗಾಗ ನೋಡಿದರೆ ಸಾಕು. ಮೂರು, ನಾಲ್ಕರಲ್ಲಿ ಗೆಳೆಯರ ನೆರವು, ಮೊದಲು ಪೂರ್ತಿ, ಆಮೇಲೆ ಅಲ್ಪಸ್ವಲ್ಪ. ಐದರಲ್ಲಿ ಮಗು ತಾನೇ ಮಾಡುತ್ತದೆ. ಮೇಲೆ ಅಡ್ಡಡ್ಡ ಕಟ್ಟಿದ ದಾರಗಳಿಗೆ ಚಪ್ಪರ ಎಂದು ಹೆಸರು, ಮಕ್ಕಳು ಬರೆದದ್ದು, ಬಿಡಿಸಿದ್ದು ಅದರಲ್ಲಿ ತೂಗಾಡುತ್ತದೆ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೂ ಒಂದೊಂದು ಚೌಕ.

ಕೊಡಗಿನಿಂದ ತಿಂಗಳು ಬಿಟ್ಟು ಮರಳಿದ ಹುಡುಗ ಈ ಕೋಣೆಯಲ್ಲಿ ಹಿಂದೆ ಬಿದ್ದವನಲ್ಲ. ಅವನ ಕಾರ್ಡು ಅವನಿಗಾಗಿ ಕಾದಿರುತ್ತದೆ. ಬಿಟ್ಟ ಮೆಟ್ಟಿಲಿನಿಂದ ಶುರು ಮಾಡುತ್ತಾನೆ, ಅಷ್ಟೆ.

ಶಿಕ್ಷಕಿಯ ಕೆಲಸ ಮಾತ್ರ ಕಷ್ಟವಾಗುತ್ತದೆ, ಇದನ್ನು ಯಾರೂ ಮುಚ್ಚಿಡಬಾರದು. ಬೋರ್ಡಿನ ಮುಂದೆ ನಿಂತು ಮಾತಾಡುವುದು ಸುಲಭ. ಯಾರು ಯಾವ ಮೆಟ್ಟಿಲಲ್ಲಿ ತಡವರಿಸುತ್ತಿದ್ದಾರೆ, ಒಂದನೇ ತಟ್ಟೆಯಲ್ಲಿ ಒಂದೇ ಸಲ ಹತ್ತು ಮಕ್ಕಳು ಬಂದು ಕೂತರೆ ಏನು ಮಾಡುವುದು, ಮೂರನೇ ತಟ್ಟೆಯ ಜಾಣ ಹುಡುಗಿ ಗೆಳತಿಗೆ ಕಲಿಸುವ ಬದಲು ಅವಳ ಕೆಲಸವನ್ನೂ ತಾನೇ ಮಾಡಿ ಮುಗಿಸಿದರೆ ಹೇಗೆ? ಇವಕ್ಕೆ ಕೈಪಿಡಿಯಲ್ಲಿ ಉತ್ತರವಿರುವುದಿಲ್ಲ. ಪಕ್ಕದ ಶಾಲೆಯ ಶಿಕ್ಷಕಿಯ ಹತ್ತಿರ ಇರುತ್ತದೆ. ಕೋಟೆಯಲ್ಲಿ ಆರಂಭದ ವರ್ಷಗಳಲ್ಲಿ ಈ ಕೊಡುಕೊಳ್ಳುವಿಕೆ ನಡೆಯಿತು. ಹೋಗಿಬಂದವರು ತಮ್ಮ ಶಾಲೆಯಲ್ಲಿ ಮಾಡಿ ತೋರಿಸಿದರು, ಬೇರೆಯವರು ಬಂದು ನೋಡಿದರು, ಸಭೆ ಸೇರಿ ಯಾವ ಕಾರ್ಡು ಕೆಲಸ ಮಾಡುತ್ತದೆ, ಯಾವುದು ಇಲ್ಲ ಎಂದು ತಿದ್ದಿದರು. ನಲಿ-ಕಲಿ ಎಂಬ ಹೆಸರು ತಾಲೂಕಿನ ಗಡಿ ದಾಟಿತು.

ದಾಟಿದ ಮೇಲಿನ ಕಥೆ ಅಷ್ಟು ಸುಂದರವಾಗಿಲ್ಲ.

ಮೊದಲು ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ ಬಂಡಿ ಹತ್ತಿ ಬೇರೆ ಜಿಲ್ಲೆಗಳಿಗೆ ಹೋಯಿತು. ಕೆಲವು ಕಡೆ ಬೇರು ಬಿಟ್ಟಿತು, ಹಲವು ಕಡೆ ಅಧಿಕಾರಿ ವರ್ಗವಾದ ಕೂಡಲೇ ಒಣಗಿತು. ಆಮೇಲೆ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ, ಮುಂದೆ ಮೂರಕ್ಕೂ, ಒಟ್ಟಿಗೇ ಬಂತು. ಅದೇ ಹೊತ್ತಿಗೆ ನೆರೆಯ ತಮಿಳುನಾಡಿನಲ್ಲೂ ರಿಷಿ ವ್ಯಾಲಿಯದೇ ಬೀಜ ಇನ್ನೊಂದು ಹೆಸರಿನಲ್ಲಿ ಬೆಳೆದಿತ್ತು. 2003ರಲ್ಲಿ ಚೆನ್ನೈ ಪಾಲಿಕೆಯ ಕೆಲವು ಶಾಲೆಗಳಲ್ಲಿ ಶುರುವಾದದ್ದು ಐದಾರು ವರ್ಷದೊಳಗೆ ಇಡೀ ರಾಜ್ಯ ವ್ಯಾಪಿಸಿತ್ತು. ಕಾಗದದ ಮೇಲೆ ಇಂಥ ಯಶಸ್ಸು ಯಾವ ಖಾಸಗಿ ಶಾಲೆಗೂ ಸಿಕ್ಕಿರಲಾರದು.

ಆಗ ನಾನು ಹಳೇ ಮೈಸೂರು ಭಾಗದ ಒಂದು ತಾಲೂಕಿನಲ್ಲಿ ಸಿ.ಆರ್.ಪಿ., ಅಂದರೆ ಕ್ಲಸ್ಟರ್ ಎಂಬ ಅಕ್ಕಪಕ್ಕದ ಶಾಲೆಗಳ ಗುಂಪಿಗೆ ಪಾಠದಲ್ಲಿ ನೆರವಾಗಬೇಕಾದ ಸಂಪನ್ಮೂಲ ವ್ಯಕ್ತಿ. ಹದಿನಾಲ್ಕು ಶಾಲೆ ನನ್ನ ಕ್ಲಸ್ಟರಿನಲ್ಲಿ. ತರಬೇತಿ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ, ಅಲ್ಲಿಂದ ಶಿಕ್ಷಕರಿಗೆ ಹರಿದು ಬಂತು. ಮೇಲಿನ ಕಾಲುವೆಯಲ್ಲಿ ನೀರು ತುಂಬಿದ್ದರೂ ಕೊನೆಯ ಗದ್ದೆಗೆ ಬರುವಷ್ಟರಲ್ಲಿ ಒದ್ದೆ ಮಣ್ಣು ಮಾತ್ರ ಉಳಿದಿರುತ್ತದಲ್ಲ, ಹಾಗೆ. ಕಾರ್ಡುಗಳು ಮಾತ್ರ ಅಚ್ಚುಕಟ್ಟಾಗಿ ಅಚ್ಚಾಗಿ, ಕಟ್ಟು ಕಟ್ಟಿ, ಲಾರಿಯಲ್ಲಿ ಬಂದವು.

ಒಂದು ಶಾಲೆಗೆ ಹೋದೆ. ತಟ್ಟೆಗಳು ಗೋಡೆಯ ಮೇಲೆ, ಏಣಿ ಗೋಡೆಯ ಮೇಲೆ, ಮಕ್ಕಳ ಕೈಯಲ್ಲಿ ಹಳೆಯ ಪಠ್ಯಪುಸ್ತಕ.

“ಕಾರ್ಡ್ ಎಲ್ಲಿ ಮೇಡಂ?”

“ಬೀರುನಲ್ಲಿವೆ ಸರ್. ಒಂದೂ ಕಳೆದಿಲ್ಲ.” ಬೀರು ತೆಗೆದು ತೋರಿಸಿದರು. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. “ಮಕ್ಕಳ ಕೈಗೆ ಕೊಟ್ಟರೆ ಹರಿದುಹೋಗ್ತವೆ ಸರ್. ಸ್ಟಾಕ್ ರಿಜಿಸ್ಟರಿಗೆ ಹತ್ತಿಸಿದ್ದೀನಿ. ಆಡಿಟ್‌ನಲ್ಲಿ ಕಡಿಮೆ ಬಂದರೆ ನನ್ನ ಸಂಬಳದಿಂದ ಹಿಡೀತಾರೆ.”

ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಆ ಕಾರ್ಡುಗಳನ್ನು ಅವರು ಬರೆದಿರಲಿಲ್ಲ. ಅವರ ಪಾಲಿಗೆ ಅವು ಬೆಂಚು, ಗಡಿಯಾರದ ಹಾಗೆ ಇಲಾಖೆಯ ಸ್ವತ್ತು. ಕೋಟೆಯ ಶಿಕ್ಷಕರು ಹರಿದ ಕಾರ್ಡನ್ನು ರಾತ್ರಿ ಕೂತು ಹೊಸದಾಗಿ ಬರೆಯಬಲ್ಲವರು, ಏಕೆಂದರೆ ಅದು ಹುಟ್ಟಿದ್ದೇ ಅವರ ಕೈಯಲ್ಲಿ. ರಾಜ್ಯಕ್ಕೆ ಹಬ್ಬಿಸುವಾಗ ನಾವು ಕಾರ್ಡನ್ನು ಸಾಗಿಸಿದೆವು. ಅದನ್ನು ಬರೆದವರ ಜೊತೆ ಒಂದು ವಾರ ಕೂರುವ ಅವಕಾಶವನ್ನು ಸಾಗಿಸಲಿಲ್ಲ. ನನ್ನಂಥ ಸಿ.ಆರ್.ಪಿ.ಗಳ ಕೆಲಸ ಆ ಜಾಗ ತುಂಬುವುದಾಗಿತ್ತು. ನಾವು ತುಂಬಿದ್ದು ಅಂಕಿಅಂಶದ ನಮೂನೆಗಳನ್ನು. ತಿಂಗಳಿಗೊಮ್ಮೆ ನಡೆಯುವ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದಿ, ಮಾಹಿತಿ ಕೇಳಿ, ಊಟ ಮಾಡುವಷ್ಟರಲ್ಲಿ ಮೂರು ಗಂಟೆ. ಪಾಠದ ಮಾತಿಗೆ ಉಳಿಯುತ್ತಿದ್ದದ್ದು ಬಸ್ ಸ್ಟಾಪಿನಲ್ಲಿ ಕಾಯುವ ಹೊತ್ತು. ತಪ್ಪು ನನ್ನದೂ ಇದೆ.

ಆ ಮೇಡಂ ವಿಷಯ ಅಲ್ಲಿಗೇ ಬಿಡಲಿಲ್ಲ. ನಾಲ್ಕು ಕಿಲೋಮೀಟರ್ ಆಚೆಯ ಶಾಲೆಯಲ್ಲಿ ಇನ್ನೊಬ್ಬ ಶಿಕ್ಷಕಿ ಚೆನ್ನಾಗಿ ಮಾಡುತ್ತಿದ್ದರು. ಇವರನ್ನು ಒಂದು ಶನಿವಾರ ಅಲ್ಲಿಗೆ ಕರೆದುಕೊಂಡು ಹೋದೆ. ಅಲ್ಲಿಯ ಕಾರ್ಡುಗಳ ಮೂಲೆ ಮಡಿಸಿಹೋಗಿತ್ತು, ಒಂದೆರಡಕ್ಕೆ ಎಣ್ಣೆಯ ಕಲೆ. ಇವರು ಮೊದಲು ಕೇಳಿದ್ದು ತಟ್ಟೆಯ ಬಗ್ಗೆ ಅಲ್ಲ, “ಆಡಿಟ್‌ಗೆ ಏನು ಮಾಡ್ತೀರಾ?” ಎಂದು. ಅವರು ನಕ್ಕು, “ಹರಿದಿದ್ದು ಹರಿದಿದೆ ಅಂತ ಬರೀತೀನಿ ಕಣ್ರೀ” ಎಂದರು. ಎರಡು ವಾರದ ಮೇಲೆ ನಾನು ಹೋದಾಗ ಪ್ಲಾಸ್ಟಿಕ್ ಕವರ್ ಬಿಚ್ಚಿತ್ತು. ಮುಂದಿನ ಶನಿವಾರ ಆ ಶಿಕ್ಷಕಿ ಇಲ್ಲಿಗೆ ಬಂದು, ಒಂದನೇ ತಟ್ಟೆಯ ನೂಕುನುಗ್ಗಲು ಹೇಗೆ ಬಿಡಿಸುವುದೆಂದು ತೋರಿಸಿದರು. ಇವರು ಅವರಿಗೆ ಗಣಿತದ ಒಂದು ಆಟ ಕಲಿಸಿದರು, ಹುಣಸೆ ಬೀಜದ್ದು. ನಾನು ಮಾಡಿದ ಕೆಲಸ ಬೈಕ್ ಓಡಿಸಿದ್ದಷ್ಟೇ.

ನಿವೃತ್ತನಾದ ಮೇಲೆ ನನ್ನನ್ನು ಕರೆದವರು ಸರ್ಕಾರದವರಲ್ಲ. ಮೈಸೂರಿನ ಹೊರವಲಯದ ಎರಡು ಸಣ್ಣ ಅನುದಾನರಹಿತ ಶಾಲೆಗಳು. ಇಂಥ ಶಾಲೆಗಳ ಸ್ಥಿತಿ ಹೊರಗಿನವರಿಗೆ ಗೊತ್ತಿಲ್ಲ. ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇರುತ್ತದೆ, ಶಿಕ್ಷಕಿಯ ಸಂಬಳ ಹೊರಗೆ ಹೇಳುವಂಥದ್ದಲ್ಲ. ಮದುವೆಯಾಯಿತು, ಹೆರಿಗೆಯಾಯಿತು, ಪಕ್ಕದ ಶಾಲೆಯವರು ಸಾವಿರ ರೂಪಾಯಿ ಹೆಚ್ಚು ಕೊಟ್ಟರು ಎಂದು ವರ್ಷಕ್ಕೆ ಮೂವರು ಬದಲಾಗುತ್ತಾರೆ. ಕ್ಲಸ್ಟರ್ ಸಭೆಗೆ ಇವರನ್ನು ಕರೆಯುವುದು ಮಾಹಿತಿ ಅಪ್‌ಲೋಡ್ ಮಾಡಿಲ್ಲವೆಂದು ಬೈಯಲು. ಸರ್ಕಾರಿ ಶಿಕ್ಷಕಿಗೆ ಹೆಸರಿಗಾದರೂ ಒಬ್ಬ ಸಿ.ಆರ್.ಪಿ. ಇದ್ದಾನೆ, ಇವರಿಗೆ ಅದೂ ಇಲ್ಲ.

ಎರಡೂ ಶಾಲೆಗಳ ನಡುವೆ ಒಂದು ರಸ್ತೆ. ಏಪ್ರಿಲ್ ಬಂದರೆ ಒಂದೇ ಬಡಾವಣೆಯ ಮನೆಮನೆಗೆ ಇಬ್ಬರ ಪಾಂಪ್ಲೆಟ್ಟೂ ಬೀಳುತ್ತದೆ. ಶಿಕ್ಷಕಿಯರನ್ನು ಒಟ್ಟಿಗೆ ಕೂರಿಸೋಣ ಎಂದಾಗ ಒಬ್ಬ ಮ್ಯಾನೇಜ್‌ಮೆಂಟಿನವರು ನೇರವಾಗಿ ಹೇಳಿದರು: “ಕೂರಿಸಿ ಸರ್. ಸಂಬಳದ ಮಾತು ಮಾತ್ರ ಆಡಬಾರದು.” ಇನ್ನೊಬ್ಬರು ನಮ್ಮ ನೋಟ್ಸ್ ಆ ಕಡೆ ಹೋಗುತ್ತದೆಯೇ ಎಂದು ಕೇಳಿದರು. ಸ್ವತಂತ್ರ ಶಾಲೆಗಳ ಸಹಕಾರಕ್ಕೆ ದೊಡ್ಡ ಅಡ್ಡಿ ಯಾವುದು ಎಂದು ಕೇಳಿದರೆ ದುಡ್ಡು ಎನ್ನುವವರಿದ್ದಾರೆ. ನಾನು ಕಂಡದ್ದು ಹೆದರಿಕೆ: ಒಳ್ಳೆಯ ಟೀಚರನ್ನು ತೋರಿಸಿದರೆ ಕಿತ್ತುಕೊಂಡು ಹೋಗುತ್ತಾರೆಂಬ ಹೆದರಿಕೆ. ಅದು ಸುಳ್ಳು ಎಂದು ನಾನು ಹೇಳಲಾರೆ. ಮೊದಲ ವರ್ಷವೇ ಒಬ್ಬರು ರಸ್ತೆ ದಾಟಿದರು.

ಆದರೂ ಎರಡು ವಾರಕ್ಕೊಮ್ಮೆ ಗುರುವಾರ ಮೂರೂವರೆಗೆ ಆರು ಜನ ಸೇರುತ್ತಾರೆ. ಒಂದು ಸಲ ಈ ಶಾಲೆಯಲ್ಲಿ, ಒಂದು ಸಲ ಆ ಶಾಲೆಯಲ್ಲಿ. ವರದಿ ಬರೆಯುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಮೊದಲ ಎರಡು ಸಭೆ ಯಾರೂ ಬಾಯಿ ಬಿಡಲಿಲ್ಲ, ಬಿಸ್ಕತ್ತು ಮುಗಿಯಿತು. ಮೂರನೆಯದರಲ್ಲಿ ನಾನು ನಲಿ-ಕಲಿಯ ಐದು ಅಕ್ಷರ ಬೋರ್ಡಿನ ಮೇಲೆ ಬರೆದು, ಎಷ್ಟು ಪದ ಆಗುತ್ತವೆ ನೋಡಿ ಎಂದೆ. ಒಂದನೇ ತರಗತಿಗೆ ಕನ್ನಡ ಹೇಳುವ ಇಬ್ಬರು, ಒಬ್ಬರು ಈ ಕಡೆಯವರು, ಒಬ್ಬರು ಆ ಕಡೆಯವರು, ಪೈಪೋಟಿಗೆ ಬಿದ್ದವರಂತೆ ಬರೆಯತೊಡಗಿದರು. ಸರ, ರಸ, ಅಗಸ, ಅರಸ. “ಗರಗಸ” ಎಂದು ಒಬ್ಬರು ಕೂಗಿದರು.

“ನಮ್ಮ ಮಕ್ಕಳಿಗೆ ಗರಗಸ ಅಂದ್ರೆ ಗೊತ್ತಿಲ್ಲ ಮಿಸ್. ಮನೇಲೆಲ್ಲ ಹಿಂದಿ, ತೆಲುಗು.”

“ನಮ್ಮ ಗೇಟಿನ ಎದುರು ಬಡಗಿ ಅಂಗಡಿ ಇದೆಯಲ್ಲ, ದಿನಾ ಕೊಯ್ತಾನೇ ಇರ್ತಾರೆ. ಸೋಮವಾರ ಕರ್ಕೊಂಡು ಬನ್ನಿ ನಿಮ್ಮ ಮಕ್ಕಳನ್ನ. ನಾನೂ ನಮ್ಮವರನ್ನ ಹೊರಗೆ ಕರ್ಕೊಂಡು ಬರ್ತೀನಿ.”

ಸೋಮವಾರ ರಸ್ತೆ ದಾಟಿಸಲು ನನ್ನನ್ನೂ ಕರೆದರು. ಎರಡು ಬಣ್ಣದ ಯೂನಿಫಾರಂ ತೊಟ್ಟ ನಲವತ್ತು ಮಕ್ಕಳು ಬಡಗಿಯ ಸುತ್ತ ನಿಂತಿದ್ದವು, ಮರದ ಪುಡಿ ಎಲ್ಲರ ಮೂಗಿಗೂ ಹೋಗುತ್ತಿತ್ತು.